ಗೇರಿನ ಪೆಟ್ಟಿಗೆ ಬಿಚ್ಚುವ ಮುನ್ನ

ಅಳಿವೆಯ ಬಾಯಲ್ಲಿ ತೆರೆ ಎದ್ದು ನಿಂತಾಗ ನಾಡದೋಣಿಯ ಇಂಜಿನು ಗೇರಿಗೆ ಬೀಳದೆಹೋದರೆ ಏನಾದೀತೆಂಬುದನ್ನು ಗಂಗೊಳ್ಳಿಯಿಂದ ಕಾರವಾರದವರೆಗಿನ ನಮ್ಮ ಮೀನುಗಾರ ಬಂಧುಗಳಿಗೆ ನಾವು ವಿವರಿಸಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ಆ ಎರಡು ತಿಂಗಳು ಕಡಲಿಗಿಳಿಯಲು ಅವಕಾಶವಿರುವುದು 10 ಅಶ್ವಶಕ್ತಿಯವರೆಗಿನ ಇಂಜಿನು ಕಟ್ಟಿದ ಸಾಂಪ್ರದಾಯಿಕ ದೋಣಿಗಳಿಗೆ. ಅಂದರೆ ಕಡಲು ಕೆರಳಿದ ಹೊತ್ತಿನಲ್ಲಿ ಅದರ ಮೇಲಿರುವವನು ಎಲ್ಲರಿಗಿಂತ ಚಿಕ್ಕ ದೋಣಿಯವನು, ಎಲ್ಲಕ್ಕಿಂತ ಚಿಕ್ಕ ಇಂಜಿನನ್ನು ನಂಬಿದವನು. ಅವನ ಗೇರಿನ ಮಾತು ಸಂಪಾದಕೀಯಕ್ಕೆ ತಕ್ಕುದಲ್ಲವೆಂದು ಯಾರಾದರೂ ಮೂಗು ಮುರಿದರೆ ಮುರಿಯಲಿ.

ನಾವು ಹೇಳಬಯಸುವುದು ಇಷ್ಟೆ. ಗೇರು ಕೆಟ್ಟಿತೆಂದು ಹೊತ್ತು ತರುವ ಇಂಜಿನುಗಳಲ್ಲಿ ಹಲವಕ್ಕೆ ಗೇರಿನ ಪೆಟ್ಟಿಗೆಯಲ್ಲಿ ಯಾವ ದೋಷವೂ ಇರುವುದಿಲ್ಲ. ದೋಷ ಮೇಲೆ, ಕಣ್ಣಿಗೆ ಕಾಣುವಲ್ಲಿ ಇರುತ್ತದೆ. ಅದನ್ನು ನೋಡದೆ ಪೆಟ್ಟಿಗೆ ಬಿಚ್ಚಿಸಿದರೆ ಸಾಮಾನಿನ ಕ್ರಯವೂ ಹೋಯಿತು, ಮಜೂರಿಯೂ ಹೋಯಿತು, ಅಷ್ಟು ದಿನದ ಮೀನೂ ಹೋಯಿತು.

ಔಟ್‌ಬೋರ್ಡ್ ಇಂಜಿನಿನ ಗೇರು ಲಾರಿಯ ಗೇರಿನಂತಲ್ಲ. ನೀರಿನೊಳಗಿರುವ ಪೆಟ್ಟಿಗೆಯಲ್ಲಿ ಎರಡು ಹಲ್ಲಿನ ಚಕ್ರಗಳು ಎದುರುಬದುರು ದಿಕ್ಕಿಗೆ ಸದಾ ತಿರುಗುತ್ತಿರುತ್ತವೆ. ಅವುಗಳ ನಡುವೆ ಪ್ರೊಪೆಲ್ಲರಿನ ದಂಡದ ಮೇಲೆ ಹಿಂದೆ ಮುಂದೆ ಜಾರುವ ಒಂದು ತುಂಡಿದೆ. ಮೆಕ್ಯಾನಿಕರು ಅದನ್ನು ಡಾಗ್ ಕ್ಲಚ್ ಎನ್ನುತ್ತಾರೆ. ಅದು ಒಂದು ಚಕ್ರವನ್ನು ಕಚ್ಚಿದರೆ ದೋಣಿ ಮುಂದೆ, ಇನ್ನೊಂದನ್ನು ಕಚ್ಚಿದರೆ ಹಿಂದೆ, ಯಾವುದನ್ನೂ ಕಚ್ಚದಿದ್ದರೆ ನ್ಯೂಟ್ರಲ್. ಲಾರಿಯಲ್ಲಿರುವಂತೆ ಕಾಲಲ್ಲಿ ಒತ್ತುವ ಕ್ಲಚ್ ಇಲ್ಲಿಲ್ಲ. ಉಕ್ಕಿನ ಹಲ್ಲು ಉಕ್ಕಿನ ಹಲ್ಲಿಗೆ ನೇರವಾಗಿ ಬೀಳುತ್ತದೆ. ಆದುದರಿಂದ ಓಟವನ್ನು ಪೂರ್ತಿ ಇಳಿಸಿ, ಲಿವರನ್ನು ಒಂದೇ ಏಟಿಗೆ ಗಟ್ಟಿಯಾಗಿ ಹಾಕಬೇಕು. ಮೆಲ್ಲಗೆ ಹಾಕಿದರೆ ಇಂಜಿನಿಗೆ ಹಿತವೆಂದು ಬಹಳ ಜನ ನಂಬಿದ್ದಾರೆ. ಹಲ್ಲಿನ ಅಂಚು ಸವೆದು ಗುಂಡಗಾಗುವುದು ಹಾಗೆ ಮೆಲ್ಲಗೆ ಉಜ್ಜಿ ಉಜ್ಜಿ ಹಾಕಿದಾಗಲೇ. ಸೀಮೆಎಣ್ಣೆಯ ಇಂಜಿನು ಕಡಿಮೆ ಓಟದಲ್ಲಿ ನಿಂತುಬಿಡುತ್ತದೆಂದು ಐಡಲಿನ ತಿರುಪನ್ನು ಏರಿಸಿಡುವ ರೂಢಿಯಿಂದಲೂ ಇದೇ ಹಾನಿ. ಆಗ ಗೇರು ಬೀಳುವಾಗ ಗರಗರ ಎನ್ನುತ್ತದೆ, ಬಿಡಿಸಲು ಹೋದರೆ ಬಿಡುವುದಿಲ್ಲ. ಪ್ಲಗ್ಗು ಕಾರ್ಬೊರೇಟರುಗಳನ್ನು ಶುದ್ಧಮಾಡಿ ಐಡಲನ್ನು ಅದರ ಜಾಗಕ್ಕೆ ತರಬೇಕೇ ಹೊರತು ಗೇರನ್ನು ಬೈದು ಫಲವಿಲ್ಲ.

ಪರೀಕ್ಷೆಗೆ ಒಬ್ಬ ಸಂಗಾತಿ ಸಾಕು. ಮೊದಲು ಇಂಜಿನು ನಿಲ್ಲಿಸಿ ಪ್ಲಗ್ಗಿನ ವಯರುಗಳನ್ನು ಕಳಚಬೇಕು. ಇದನ್ನು ಮಾಡದೆ ಪ್ರೊಪೆಲ್ಲರಿಗೆ ಕೈಯಿಟ್ಟರೆ ಬೆರಳು ಉಳಿಯುವ ಭರವಸೆಯಿಲ್ಲ. ಬಳಿಕ ಒಬ್ಬನು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತಿರುವಾಗ ಇನ್ನೊಬ್ಬನು ಲಿವರ್ ಹಾಕಲಿ. ನ್ಯೂಟ್ರಲಿನಲ್ಲಿ ಅದು ಸಲೀಸಾಗಿ ತಿರುಗಬೇಕು, ಗೇರಿಗೆ ಬಿದ್ದೊಡನೆ ಹಿಡಿದು ನಿಲ್ಲಬೇಕು. ಕೆಲವು ಇಂಜಿನುಗಳಲ್ಲಿ ಮುಂದಿನ ಗೇರಿನಲ್ಲಿ ಒಂದು ದಿಕ್ಕಿಗೆ ಕಟಕಟನೆ ಜಾರುವುದುಂಟು, ಅದು ದೋಷವಲ್ಲ. ಪ್ರೊಪೆಲ್ಲರ್ ತಿರುಗಿಸದೆ, ನಿಂತ ಇಂಜಿನಿನಲ್ಲಿ ಲಿವರ್ ಹೋಗದಿದ್ದರೆ ಅದೂ ದೋಷವಲ್ಲ. ಹಲ್ಲಿಗೆ ಹಲ್ಲು ಅಡ್ಡವಾಗಿದೆ ಅಷ್ಟೆ. ಅಲ್ಲಿ ಬಲ ಪ್ರಯೋಗಿಸಿದರೆ ಸರಿಯಿದ್ದ ಸಲಾಕೆ ಬಗ್ಗುತ್ತದೆ.

ಲಿವರ್ ಬಿಗಿಯಾಗಿದ್ದರೆ, ಕೇಬಲ್ ಇರುವ ದೋಣಿಗಳಲ್ಲಿ ಕೇಬಲನ್ನು ಇಂಜಿನಿನ ಕಡೆಯ ತುದಿಯಲ್ಲಿ ಬಿಡಿಸಿ, ಅಲ್ಲಿಯ ಗೇರಿನ ತೋಳನ್ನು ಬರಿಗೈಯಿಂದ ಆಡಿಸಿ ನೋಡಬೇಕು. ತೋಳು ಹಗುರಾಗಿ ಆಡಿದರೆ ಕೆಟ್ಟದ್ದು ಕೇಬಲು ಅಥವಾ ಲಿವರಿನ ಪೆಟ್ಟಿಗೆ. ಉಪ್ಪುನೀರು ಹೊಕ್ಕು ತುಕ್ಕು ಹಿಡಿದ ಕೇಬಲು ಗ್ರೀಸಿಗೆ ಬಗ್ಗುವುದಿಲ್ಲ, ಅದನ್ನು ಬದಲಿಸಿಯೇ ತೀರಬೇಕು. ತೋಳೇ ಬಿಗಿಯಿದ್ದರೆ ಮಾತ್ರ ಕೆಳಗೆ ನೋಡುವ ಮಾತು. ಈ ಒಂದು ಪರೀಕ್ಷೆ ಬಲ್ಲವನನ್ನು ಯಾವ ರಿಪೇರಿ ಅಂಗಡಿಯೂ ಸುಲಭವಾಗಿ ಹೆದರಿಸಲಾರದು. ಕೇಬಲಿಲ್ಲದೆ ಬದಿಯಲ್ಲೇ ಲಿವರಿರುವ ಚಿಕ್ಕ ಇಂಜಿನುಗಳಲ್ಲಿ ಸಲಾಕೆಯ ಪಿನ್ನು, ಬುಷ್ಷು, ನಟ್ಟುಗಳನ್ನು ನೋಡಿದರೆ ಸಾಕು.

ಭಾರ ಬಿದ್ದಾಗ ಗೇರು ತಾನಾಗಿ ಹಾರಿ ನ್ಯೂಟ್ರಲಿಗೆ ಬರುವುದು ಇನ್ನೊಂದು ತೊಂದರೆ. ಹಲ್ಲು ಸವೆದರೂ ಹೀಗಾಗುತ್ತದೆ, ಹೊಂದಾಣಿಕೆ ತಪ್ಪಿ ಹಲ್ಲು ಅರ್ಧವೇ ಕಚ್ಚಿದರೂ ಹೀಗಾಗುತ್ತದೆ. ಲಿವರಿನ ನ್ಯೂಟ್ರಲೂ ಇಂಜಿನಿನ ನ್ಯೂಟ್ರಲೂ ಒಂದೇ ಆಗಿವೆಯೇ ಎಂದು ಮೊದಲು ನೋಡಿ, ಸರಿಪಡಿಸಿದ ಮೇಲೂ ಹಾರಿದರೆ ಆಗ ಪೆಟ್ಟಿಗೆ ಬಿಚ್ಚುವುದು ನ್ಯಾಯ. ಆ ಕೆಲಸ ಮರಳ ಮೇಲೆ ಉಳಿ ಸುತ್ತಿಗೆ ಹಿಡಿದು ಮಾಡತಕ್ಕದ್ದಲ್ಲ. ಚಕ್ರಗಳ ನಡುವಿನ ಸಂದನ್ನು ಅಳೆದು ಕೂರಿಸಬೇಕು, ಬಲ್ಲ ಮೆಕ್ಯಾನಿಕನೇ ಬೇಕು.

ಇಂಜಿನು ಕೂಗುತ್ತದೆ, ದೋಣಿ ಕದಲುವುದಿಲ್ಲ ಎಂದಾಗಲೂ ಗೇರನ್ನೇ ದೂರುವುದುಂಟು. ಎಷ್ಟೋ ಸಲ ಜಾರಿದ್ದು ಪ್ರೊಪೆಲ್ಲರಿನೊಳಗಿನ ರಬ್ಬರು ಬುಷ್ಷು, ಚಿಕ್ಕ ಇಂಜಿನುಗಳಲ್ಲಿ ತುಂಡಾದದ್ದು ಪಿನ್ನು. ಬುಷ್ಷಿನ ಒಳಗಿನ ಕೊಳವೆಗೂ ಹೊರಗಿನ ಪ್ರೊಪೆಲ್ಲರಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆದು ಓಡಿಸಿದರೆ, ಗೆರೆ ಮುರಿದದ್ದರಿಂದ ಗುಟ್ಟು ಬಯಲಾಗುತ್ತದೆ. ವಾಟರ್ ಪಂಪ್ ಬದಲಿಸಿದ ಮರುದಿನವೇ ಗೇರು ಬೀಳದಿದ್ದರೆ, ಪೆಟ್ಟಿಗೆಯನ್ನು ಮರಳಿ ಕೂರಿಸುವಾಗ ಗೇರಿನ ಸಲಾಕೆ ಸರಿಯಾಗಿ ಸೇರಿಲ್ಲವೆಂದೇ ಮೊದಲು ಶಂಕಿಸಬೇಕು.

ಗೇರಿನ ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಬಲೆಯ ನೈಲಾನ್ ನೂಲು ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ಯುವುದು ಇದಕ್ಕೆ ದೊಡ್ಡ ಕಾರಣ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಿಂದ ಹೊರಬರುವವರೆಗೆ ತುಂಬಿ, ಮೇಲಿನ ತಿರುಪನ್ನು ಮೊದಲು ಹಾಕಿ ಬಳಿಕ ಕೆಳಗಿನದನ್ನು ಹಾಕಬೇಕು; ವಾಷರು ಹೊಸದಿರಬೇಕು. ಎಣ್ಣೆಯಲ್ಲಿ ಉಕ್ಕಿನ ಚೂರು ಕಂಡರೆ ಕಡಲಿಗೆ ಹೋಗಬಾರದು.

ಇದರಲ್ಲಿ ಯಾವುದೂ ರಹಸ್ಯ ವಿದ್ಯೆಯಲ್ಲ. ಆದರೂ ಇಂಜಿನಿನ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುವುದೇ ಹೆಚ್ಚು, ಅದನ್ನು ಓದಬೇಕಾದವನ ಭಾಷೆ ಕನ್ನಡ. ಇಂಜಿನು ಕೊಳ್ಳಲು ಸಹಾಯಧನ ಕೊಡುವ ಸರಕಾರಕ್ಕೆ ಅದನ್ನು ಉಳಿಸಿಕೊಳ್ಳುವ ಬಗೆಯನ್ನು ಕನ್ನಡದ ನಾಲ್ಕು ಪುಟಗಳಲ್ಲಿ ಅಚ್ಚುಹಾಕಿಸುವುದು ಭಾರವಾಗಲಾರದು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ, ದಡದ ಉದ್ದಕ್ಕೂ ಮೀನುಗಾರರ ಸಹಕಾರಿ ಸಂಘಗಳಿವೆ. ಪ್ರತಿ ಸಂಘವೂ ಒಂದು ಹಳೆಯ ಗೇರಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟು, ದೋಣಿಯವರೆಲ್ಲರ ಕೈಗೂ ಕೊಟ್ಟು ಅರ್ಧ ದಿನ ಪಾಠಮಾಡಿಸಲಿ. ಕೇಬಲು, ಎಣ್ಣೆ, ವಾಷರು, ಪಿನ್ನುಗಳನ್ನು ಕೊಂಡ ಬೆಲೆಗೇ ಕೊಡುವಂತೆ ದಾಸ್ತಾನಿಡಲಿ. ಮೇ ತಿಂಗಳು ಮುಗಿಯುವುದರೊಳಗೆ ಇದಾಗಬೇಕು. ಮಳೆ ಹಿಡಿದ ಮೇಲೆ ಪಾಠಕ್ಕೆ ಕೂರಲು ಯಾರಿಗೂ ಬಿಡುವಿರುವುದಿಲ್ಲ.