ತೀರ್ಪಾದ ಹಣ, ತೀರದ ವ್ಯಾಜ್ಯ

ಕೊಡತಕ್ಕ ಹಣವು ಇಷ್ಟೆಂದು ನಿರ್ಣಯವಾದ ಮೇಲೆಯೂ ಅದು ಕೈಸೇರದೆ ಹೋದರೆ ಆ ನಿರ್ಣಯದ ಬೆಲೆಯೇನು? ಕಟ್ಟಡ, ರಸ್ತೆ, ಸೇತುವೆಗಳ ವ್ಯವಹಾರದಲ್ಲಿ ತೀರ್ಪೆಂಬುದು ವ್ಯಾಜ್ಯದ ಕೊನೆಯಾಗಿರದೆ ಇನ್ನೊಂದು ವ್ಯಾಜ್ಯದ ಮೊದಲಾಗಿರುವದು ಶೋಚನೀಯ ಸಂಗತಿಯಾಗಿದೆ.

ಕಾರವಾರ ಅಂಕೋಲೆಗಳ ಜನರಿಗೆ ಈ ಅನುಭವವು ಹೊಸದಲ್ಲ. 1986ರಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಅರಗಾದಲ್ಲಿ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು. 2005ರಲ್ಲಿ ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು. ಅದಕ್ಕಾಗಿ ಈ ತಾಲೂಕುಗಳ ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ನೆಲ ಬಿಟ್ಟವು. ಕರನಿರಾಕರಣೆಯ ಚಳವಳಿಯಲ್ಲಿ ಹೊಲಮನೆಗಳನ್ನು ಕಳೆದುಕೊಂಡ ಅಂಕೋಲೆಯ ಜನರಿಗೆ ದೇಶಕ್ಕಾಗಿ ತ್ಯಾಗಮಾಡುವದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ತ್ಯಾಗದ ಬೆಲೆಯನ್ನು ಪಡೆಯಲು ಕೆಳಗಿನ ಕೋರ್ಟಿನಿಂದ ಸುಪ್ರೀಂ ಕೋರ್ಟಿನ ವರೆಗೆ ಹೋಗಬೇಕಾದುದು ಯಾವ ನ್ಯಾಯ? ಹಡಗುಗಳು ಬಂದು ನಿಂತ ಮೇಲೆಯೂ ಪರಿಹಾರದ ಕಾಗದಗಳು ತಿರುಗುತ್ತಲೇ ಇದ್ದವು.

ಬಳಿಕ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣವು ಬಂದಿತು. 1956ರ ಹೆದ್ದಾರಿ ಕಾಯಿದೆಯಂತೆ ಅಧಿಕಾರಿಯು ಗೊತ್ತುಪಡಿಸಿದ ಪರಿಹಾರವು ಒಪ್ಪಿಗೆಯಾಗದಿದ್ದರೆ ಕೇಂದ್ರ ಸರಕಾರವು ನೇಮಿಸಿದ ಮಧ್ಯಸ್ಥರು ನಿರ್ಣಯಿಸುವರು. ಆ ನಿರ್ಣಯವನ್ನು 1996ರ ಮಧ್ಯಸ್ಥಿಕೆ ಕಾಯಿದೆಯ 34ನೆಯ ಕಲಮಿನ ಮೇರೆಗೆ ಪುನಃ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಕೋರ್ಟು ತೀರ್ಪನ್ನು ಎತ್ತಿಹಿಡಿಯಬಹುದು ಇಲ್ಲವೆ ರದ್ದುಪಡಿಸಬಹುದು, ತಿದ್ದಲಾಗದು ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ರದ್ದಾದರೆ ಬಡ ರೈತನು ಮತ್ತೆ ಮೊದಲಿನಿಂದ ನಡೆಯಬೇಕು! 2025ರ ಎಪ್ರಿಲ್ 30ರಂದು ಐವರು ನ್ಯಾಯಾಧೀಶರ ಪೀಠವು ಬಹುಮತದಿಂದ ತಿದ್ದುವ ಮಿತವಾದ ಅಧಿಕಾರವನ್ನು ಕೋರ್ಟುಗಳಿಗೆ ಕೊಟ್ಟುದು ಸಮಾಧಾನದ ವಿಷಯ.

ಕಂತ್ರಾಟುದಾರರ ಪಾಡೂ ಇದೇ ಕಾಯಿದೆಗೆ ಕಟ್ಟುಬಿದ್ದಿದೆ. ಮೊದಲು ಕೋರ್ಟಿಗೆ ಅರ್ಜಿ ಹೋದೊಡನೆಯೇ ತೀರ್ಪಿನ ಹಣವು ತಾನಾಗಿ ತಡೆಯಲ್ಪಡುತ್ತಿದ್ದಿತು. 2015ರ ತಿದ್ದುಪಡಿಯು ಅದನ್ನು ನಿಲ್ಲಿಸಿತು. ಹಳೆಯ ಅರ್ಜಿಗಳಿಗೆ ಆ ತಡೆಯನ್ನು ಮರಳಿ ತಂದ 2019ರ ಕಲಮನ್ನು ಸುಪ್ರೀಂ ಕೋರ್ಟು ಅದೇ ವರ್ಷದ ನವೆಂಬರಿನಲ್ಲಿ ರದ್ದುಗೊಳಿಸಿತು. ಬ್ಯಾಂಕಿನ ಜಾಮೀನು ಕೊಟ್ಟವರಿಗೆ ತೀರ್ಪಿನ ಶೇಕಡಾ 75ರಷ್ಟು ಹಣ ಕೊಡಬೇಕೆಂದು ಕೇಂದ್ರ ಸರಕಾರವು 2016ರಲ್ಲಿಯೇ ಗೊತ್ತುಮಾಡಿತ್ತು. ಆದರೆ ಜಾಮೀನು ದೊಡ್ಡ ಕಂಪನಿಗೆ ಸುಲಭ. ಚಿರೆಕಲ್ಲು, ಜಲ್ಲಿ ಹಾಕಿದವನಿಗೆ, ಲಾರಿಯ ಸಾಲದ ಕಂತು ಕಟ್ಟುವವನಿಗೆ, ಗವಂಡಿಗಳಿಗೆ ವಾರದ ಕೂಲಿ ಕೊಡಬೇಕಾದ ಸಣ್ಣ ಕಂತ್ರಾಟುದಾರನಿಗೆ ಅದು ಎಲ್ಲಿಂದ ಬರಬೇಕು? ಮೇಲಿನವನ ಹಣ ನಿಂತರೆ ಕೆಳಗಿನವನ ಒಲೆ ಆರುವದು.

ಸರಕಾರದ ಬೊಕ್ಕಸವನ್ನು ತಪ್ಪು ತೀರ್ಪುಗಳಿಂದ ಕಾಯಬೇಡವೆ ಎಂದು ಅಧಿಕಾರಿಗಳು ಕೇಳಬಹುದು. ಕಾಯಲೇಬೇಕು, ಅಪೀಲಿನ ಹಕ್ಕನ್ನು ಕಸಿಯಬೇಕೆಂದು ನಾವು ಹೇಳುವದಿಲ್ಲ. ಆದರೆ ವಿಳಂಬವೇ ಬೊಕ್ಕಸವನ್ನು ತಿನ್ನುತ್ತಿರುವದನ್ನು ಅವರು ನೋಡಲಿ. 1894ರ ಭೂಸ್ವಾಧೀನ ಕಾಯಿದೆಯಡಿ ಕೋರ್ಟು ಹೆಚ್ಚಿಸಿದ ಪರಿಹಾರಕ್ಕೆ ಮೊದಲ ವರ್ಷ ಶೇಕಡಾ 9, ಬಳಿಕ ಶೇಕಡಾ 15 ಬಡ್ಡಿ ಬೆಳೆಯುತ್ತಿದ್ದಿತು. ಸೋಲುವ ಅಪೀಲನ್ನು ಎಳೆದಷ್ಟೂ ಪ್ರಜೆಗಳೇ ದಂಡ ತೆರುವರು.

ಇಂಗ್ಲಂಡಿನಲ್ಲಿ 1996ರ ಕಾಯಿದೆಯು ಕಟ್ಟಡದ ತಂಟೆಗಳನ್ನು ಸಾಮಾನ್ಯವಾಗಿ 28 ದಿನಗಳಲ್ಲಿ ತೀರಿಸುವ ನಿರ್ಣಾಯಕರನ್ನು ಒದಗಿಸಿತು. ಅವರು ಹೇಳಿದ ಹಣವನ್ನು ಮೊದಲು ಕೊಡಬೇಕು, ವಾದವಿದ್ದರೆ ಬಳಿಕ. ನಮ್ಮಲ್ಲಿಯೂ 2006ರ ಸಣ್ಣ ಉದ್ದಿಮೆಗಳ ಕಾಯಿದೆಯು ಶೇಕಡಾ 75ನ್ನು ಕೋರ್ಟಿನಲ್ಲಿಡದೆ ತೀರ್ಪನ್ನು ಪ್ರಶ್ನಿಸಗೊಡುವದಿಲ್ಲ. ಈ ತತ್ವವನ್ನು ಎಲ್ಲ ಸರಕಾರಿ ಕಾಮಗಾರಿಗಳಿಗೂ, ನೆಲ ಕೊಟ್ಟವರಿಗೂ ಏಕೆ ಹಬ್ಬಿಸಬಾರದು?

ನಾವು ಕೇಳುವದು ಮೂರೇ. ಅಪೀಲು ಹೂಡುವ ಮೊದಲು ಹೊಣೆಯುಳ್ಳ ಅಧಿಕಾರಿಯು ಕಾರಣಗಳನ್ನು ಬರೆದು ಸಹಿಮಾಡಲಿ. ಸಣ್ಣ ಹಕ್ಕುದಾರರಿಗೆ ಜಾಮೀನು ಕೇಳದೆ ವಿವಾದವಿಲ್ಲದ ಹಣವನ್ನು ಕೂಡಲೇ ಸಲ್ಲಿಸಲಿ. ದೊಡ್ಡ ಕಂತ್ರಾಟುದಾರನಿಗೆ ಬಂದ ಹಣವು ಗೊತ್ತಾದ ದಿನಗಳೊಳಗೆ ಅವನ ಕೈಕೆಳಗಿನವರಿಗೂ ಮುಟ್ಟಲಿ.

ರಸ್ತೆಯಲ್ಲಿ ಗಾಡಿಗಳು ಓಡುತ್ತಿವೆ, ಬಂದರಿನಲ್ಲಿ ಹಡಗುಗಳು ನಿಂತಿವೆ. ಅವುಗಳಿಗೆ ನೆಲವನ್ನೂ ಬೆವರನ್ನೂ ಕೊಟ್ಟವರನ್ನು ಕೋರ್ಟಿನ ಪಡಸಾಲೆಯಲ್ಲಿ ಮುದುಕರಾಗಿಸುವದು ಸ್ವರಾಜ್ಯದ ಸರಕಾರಕ್ಕೆ ಭೂಷಣವಲ್ಲ.