ತಾಳಗುಂದದ ಕೆರೆ ನೀರು ಯಾರು ಕುಡಿದರು?



ಸಂಕಿರಣಗಳಲ್ಲಿ ಸಂಸ್ಕೃತಿಗಳ ಸಹಬಾಳ್ವೆ ಅನ್ನೋ ಮಾತು ಬಂದರೆ ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಬಂದೇ ಬರುತ್ತೆ. ಬರಲಿ. 1162ರ ಕೋಡಿಮಠದ ಶಾಸನ ನಿಜಕ್ಕೂ ದೊಡ್ಡದು. ಅದು ಕಾಳಾಮುಖ ಶೈವರ ಮಠ. ಆದರೂ ಅಲ್ಲಿ ಬೌದ್ಧ ದರ್ಶನದ ಪಾಠ ಇತ್ತು, ಜೈನ ಸನ್ಯಾಸಿಗಳಿಗೂ ಊಟ ಇತ್ತು. ಕಣ್ಣಿಲ್ಲದವರು, ಕಾಲಿಲ್ಲದವರು, ಹಾಡೋರು, ಕುಣಿಯೋರು, ದಿಕ್ಕಿಲ್ಲದ ರೋಗಿಗಳು, ಎಲ್ಲರ ಹೆಸರೂ ಆ ಕಲ್ಲಲ್ಲಿದೆ. ಇದನ್ನ ಸಣ್ಣದು ಮಾಡೋ ಉದ್ದೇಶ ನನಗಿಲ್ಲ. ಆದರೆ ಊಟಕ್ಕೆ ಎಲ್ಲರನ್ನೂ ಒಂದೇ ಸಾಲಲ್ಲಿ ಕೂರಿಸಿದ್ರಾ? ಕಲ್ಲು ಅದನ್ನ ಹೇಳಲ್ಲ. ಸಂಶೋಧಕರೂ ಕೇಳಲ್ಲ.

ಪಕ್ಕದ ತಾಳಗುಂದಕ್ಕೆ ಬನ್ನಿ. ಪ್ರಣವೇಶ್ವರ ಗುಡಿ ಮುಂದೆ ಕದಂಬ ಶಾಂತಿವರ್ಮನ ಕಾಲದ, ಐದನೇ ಶತಮಾನದ ಕಂಬ ಇದೆ. ಬರೆದವನು ಕುಬ್ಜ. ಓದೋಕೆ ಅಂತ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು. ಅವಮಾನ ತಡೀಲಿಲ್ಲ. ದರ್ಭೆ ಹಿಡಿದ ಕೈಲಿ ಕತ್ತಿ ಹಿಡಿದ, ರಾಜ್ಯ ಕಟ್ಟಿದ. ಅವನಿಗೆ ಸಹನೆ ಇರಲಿಲ್ಲ ಅಂತ ಯಾವ ಪ್ರೊಫೆಸರೂ ಬರೆದಿದ್ದು ನಾನು ನೋಡಿಲ್ಲ. ನಮ್ಮ ಹುಡುಗ ಬಿದ್ದ ಏಟಿಗೆ ಠಾಣೆಗೆ ಹೋಗಿ ಒಂದು ದೂರು ಕೊಡಲಿ ನೋಡೋಣ, ಊರಿನ ಸೌಹಾರ್ದ ಹಾಳು ಮಾಡ್ತಾನೆ ಅಂತಾರೆ! ಒಬ್ಬರ ಸಿಟ್ಟು ಇತಿಹಾಸ, ಇನ್ನೊಬ್ಬರದು ಕಿತಾಪತಿ.

ಆ ಕಂಬದಲ್ಲೇ ಇನ್ನೊಂದು ವಿಷಯ ಇದೆ. ಮಯೂರನ ಗದ್ದಲದಲ್ಲಿ ಅದನ್ನ ಯಾರೂ ಗಮನಿಸಲ್ಲ. ಶಾಂತಿವರ್ಮನ ಅಪ್ಪ ಕಾಕುಸ್ಥವರ್ಮ ಗುಡಿ ಹತ್ರ ಕೆರೆ ಕಟ್ಟಿಸಿದ ಅಂತ ಬರೆದಿದೆ. ರಾಜನ ಹೆಸರಿದೆ, ಕವಿಯ ಹೆಸರಿದೆ. ಮಣ್ಣು ಹೊತ್ತವರ ಹೆಸರಿಲ್ಲ. ಆ ನೀರನ್ನ ಯಾರು ಮುಟ್ಟಬಹುದಿತ್ತು ಅನ್ನೋದೂ ಇಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿಯಬೇಕಾಯ್ತಲ್ಲ, ಯಾಕೆ? ಸಾವಿರಾರು ವರ್ಷದ ಸಹಿಷ್ಣುತೆಗೆ ಆ ಬೊಗಸೆ ನೀರು ಕಾಣಲೇ ಇಲ್ವಾ?

ನಮ್ಮಪ್ಪ ಒಂದೂರಿನ ಹೋಟೆಲ್ ಹಿಂದೆ ನಿಂತು ತೆಂಗಿನ ಚಿಪ್ಪಲ್ಲಿ ಚಾ ಕುಡಿದವರು. ಕಾಸು ಮಾತ್ರ ಎಲ್ಲರಷ್ಟೇ ಕೊಡ್ತಿದ್ರು. ಆ ಊರಲ್ಲೂ ಜಾತ್ರೆ, ಉರುಸು ಎರಡೂ ಚೆನ್ನಾಗೇ ನಡೀತಿದ್ವು. ಹಿಂದೂ ಮುಸ್ಲಿಂ ಒಟ್ಟಿಗೆ ಇದ್ರು ಅಂತ ಈಗಲೂ ಹೊಗಳ್ತಾರೆ, ಅದು ಸುಳ್ಳೇನಲ್ಲ. ಆ ಚಿಪ್ಪನ್ನೂ ಅದೇ ಲೆಕ್ಕಕ್ಕೆ ಸೇರಿಸಿ ಅಂತಷ್ಟೇ ನಾನು ಕೇಳ್ತಿರೋದು.

ನಾಗರಿಕತೆ, ಸಹಬಾಳ್ವೆ ಅಂತ ಪಿಎಚ್‌ಡಿ ಮಾಡ್ತಿರೋ ತಮ್ಮಂದಿರೇ, ತಂಗಿಯರೇ, ತಾಳಗುಂದದ ಕಂಬದ ಫೋಟೋ ತೆಗೆದಾದ ಮೇಲೆ ಸುತ್ತಲ ಕೇರಿಗಳಿಗೂ ಬನ್ನಿ. ಯಾವ ಬಾವಿ ಯಾರದು, ಯಾವ ವರ್ಷ ಯಾರು ಮೊದಲು ಹಗ್ಗ ಇಳಿಸಿದ್ರು, ಅವತ್ತು ಏನಾಯ್ತು, ಕೂತು ಬರ್ಕೊಳ್ಳಿ. ನಮ್ಮವ್ವನಿಗೆ ಎಪ್ಪತ್ತೆಂಟು. ನೀರಿನ ಕತೆ ಎಲ್ಲಾ ನೆನಪಿದೆ. ಕಿವಿ ಮಾತ್ರ ಸ್ವಲ್ಪ ಮಂದ, ಜೋರಾಗಿ ಕೇಳಬೇಕು.

ಜೈ ಭೀಮ್.