ನಾಳೆ ರಜೆಯಂತೆ, ಹೌದಾ?

ಜುಲೈ ತಿಂಗಳ ಮಳೆಯಲ್ಲಿ ಸಂಜೆ ಕವಿಯುತ್ತಿದ್ದಂತೆ ಭಟ್ಕಳದಿಂದ ಕುಮಟಾದವರೆಗೆ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ವಿಚಾರಣೆ: ನಾಳೆ ರಜೆಯಾ? ಉತ್ತರ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಸಹಿ, ಮೊಹರು ಎಲ್ಲ ಇರುವ ಆದೇಶ. ಬಿಡಿಸಿ ನೋಡಿದರೆ ಅದು ಕಳೆದ ವರ್ಷದ್ದೋ, ಪಕ್ಕದ ಉಡುಪಿ ಜಿಲ್ಲೆಯದೋ, ಯಾವನೋ ತುಂಟ ದಿನಾಂಕ ತಿದ್ದಿದ್ದೋ ಆಗಿರುತ್ತದೆ. ಸುದ್ದಿಯ ಮೂಲ ತಿಳಿಯುವ ಹಂಬಲ ಆ ಹೊತ್ತಿನಲ್ಲಿ ಏಳನೇ ತರಗತಿಯ ಹುಡುಗನಿಗೆ ಇರುವಷ್ಟು ನಮ್ಮ ಎಷ್ಟೋ ಪತ್ರಕರ್ತರಿಗೂ ಇರುವುದಿಲ್ಲ. ಆ ಹಂಬಲವನ್ನು ಹಾಗೆಯೇ ತರಗತಿಯೊಳಕ್ಕೆ ಕರೆದೊಯ್ಯುವ ಮೇಷ್ಟ್ರು ಬೇಕು. ಆದೇಶ ಸಂಖ್ಯೆ ಎಲ್ಲಿದೆ? ಯಾವ ದಿನದ್ದು? ಯಾವ ತಾಲೂಕುಗಳ ಹೆಸರಿದೆ? ಜಿಲ್ಲಾಡಳಿತದ ತಾಣದಲ್ಲಿ ಇದೆಯೋ ಇಲ್ಲವೋ?

ಇದು ಬರೀ ಮಕ್ಕಳಾಟವಲ್ಲ ಎಂದು ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ವೈದ್ಯರ ವರದಿ ಹೊರಬೀಳುವ ಮೊದಲೇ ಚಿತ್ರಹಿಂಸೆಯ ಕಥೆಗಳು ಮೊಬೈಲಿನಿಂದ ಮೊಬೈಲಿಗೆ ಹಬ್ಬಿದವು. ಕುಮಟಾದಲ್ಲಿ ಕಲ್ಲು ತೂರಾಟವಾಯಿತು, ಹಿರಿಯ ಪೊಲೀಸ್ ಅಧಿಕಾರಿಯ ಕಾರು ಸುಟ್ಟುಹೋಯಿತು. ಕೇಸು ಸಿಬಿಐಗೆ ಹೋಯಿತು. ಅದು ಕೊಲೆಯಲ್ಲ, ಆಕಸ್ಮಿಕ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರಲ್ಲಿ. ಆ ವರದಿಯನ್ನು ಒಪ್ಪದವರೂ ಇದ್ದಾರೆ, ಇರಲಿ. ಆದರೆ ಅಂದು ಫಾರ್ವರ್ಡ್ ಒತ್ತಿದವರಲ್ಲಿ ಹೆಚ್ಚಿನವರು ನಮ್ಮ ಶಾಲೆಗಳಲ್ಲೇ ಓದಿದವರು. ಸುದ್ದಿಯನ್ನು ಓದುವುದು ಹೇಗೆಂದು ಅವರಿಗೆ ಯಾವ ಪಿರಿಯಡ್‌ನಲ್ಲೂ ಕಲಿಸಿರಲಿಲ್ಲ. ಆಗ ಅಂಗನವಾಡಿಯಲ್ಲಿದ್ದ ಮಕ್ಕಳು ಈಗ ಹೈಸ್ಕೂಲಿಗೆ ಬಂದಿದ್ದಾರೆ.

ವಾಟ್ಸ್‌ಆ್ಯಪ್ ಸುದ್ದಿ ಕರೆಯದೇ ಬರುತ್ತದೆ, ಬಂದ ದಾರಿಯ ಗುರುತನ್ನೂ ಉಳಿಸುವುದಿಲ್ಲ. ಆರ್‌ಎಸ್‌ಎಸ್ ಫೀಡ್ ಇದಕ್ಕೆ ತದ್ವಿರುದ್ಧ. (ಗಾಬರಿ ಬೇಡ, ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ, 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ್ದು.) ಜಾಲತಾಣ ತನ್ನ ಹೊಸ ಬರಹಗಳ ತಲೆಬರಹ, ದಿನಾಂಕ, ಕೊಂಡಿಯ ಪಟ್ಟಿಯನ್ನು ಹೊರಗಿಡುತ್ತದೆ, ನಾವು ಆರಿಸಿಕೊಂಡ ತಾಣಗಳ ಪಟ್ಟಿಗಳನ್ನೆಲ್ಲ ಒಂದು ಪುಟ್ಟ ತಂತ್ರಾಂಶ ಒಂದೇ ಪರದೆಗೆ ತಂದು ಹಾಕುತ್ತದೆ. ಗೂಗಲ್ 2013ರ ಜುಲೈ 1ರಂದು ತನ್ನ ರೀಡರ್ ಮುಚ್ಚಿದ ಮೇಲೆ ಹೆಚ್ಚಿನವರು ಇದನ್ನು ಮರೆತರು. ತರಗತಿಗೆ ಮಾತ್ರ ಇದು ಈಗಲೂ ಒಳ್ಳೆಯದು, ಏಕೆಂದರೆ ಯಾವ ತಾಣ ಸೇರಿಸಬೇಕು, ಯಾವುದು ಬೇಡ ಎಂಬ ಜಗಳದಿಂದಲೇ ಪಾಠ ಶುರುವಾಗುತ್ತದೆ. ಭಟ್ಕಳದ ಮಕ್ಕಳಿಗಂತೂ ಬೇರೆಡೆ ಸಿಗದ ಅನುಕೂಲವಿದೆ. ಅಲ್ಲಿನ ಸಾಹಿಲ್ ಆನ್‌ಲೈನ್ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಸುದ್ದಿ ಕೊಡುತ್ತದೆ. ಒಂದೇ ಘಟನೆಯನ್ನು ಮೂರರಲ್ಲೂ ಓದಿಸಿ, ಪಕ್ಕದಲ್ಲಿ ರಾಜ್ಯಮಟ್ಟದ ಒಂದು ಪತ್ರಿಕೆಯ ವರದಿ ಇಡಿ. ಯಾವ ವಿವರ ಎಲ್ಲಿ ಬಂತು, ಎಲ್ಲಿ ಬಿಟ್ಟುಹೋಯಿತು? ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ ಆಡುವ ಹುಡುಗಿ ಇದನ್ನು ಮೇಷ್ಟ್ರಿಗಿಂತ ಬೇಗ ಹಿಡಿಯುತ್ತಾಳೆ.

ಓದುವುದಾಯಿತು, ಇನ್ನು ಬರೆಯುವುದು. ಬ್ಲಾಗ್‌ಗಳ ವಿಷಯಕ್ಕೆ ಬಂದರೆ, ನಮ್ಮ ಶಿಕ್ಷಕರು ಹಿಂದೆ ಬಿದ್ದವರೇನಲ್ಲ. ಕನ್ನಡದಲ್ಲಿ ಶಿಕ್ಷಕರ ಬ್ಲಾಗ್‌ಗಳು ಬೇಕಾದಷ್ಟಿವೆ. ಒಳಗೆ ಏನಿದೆ? ಸುತ್ತೋಲೆ, ಪಾಠಯೋಜನೆಯ ನಮೂನೆ, ಹಳೆಯ ಪ್ರಶ್ನೆಪತ್ರಿಕೆ, ಎಸ್‌ಎಸ್‌ಎಲ್‌ಸಿ ಪಾಸಿಂಗ್ ಪ್ಯಾಕೇಜ್. ಉಪಯೋಗದ್ದೇ, ಬೇಡವೆನ್ನಲಾರೆ. ಆದರೆ ಮಕ್ಕಳ ದನಿಯಿಲ್ಲದ ಗೋದಾಮು ಅದು. ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ತಾಂ ಫ್ರೆನೆ 1920ರ ದಶಕದಲ್ಲಿ ತರಗತಿಯೊಳಗೇ ಪುಟ್ಟ ಮುದ್ರಣಯಂತ್ರ ಇಟ್ಟು, ಮಕ್ಕಳು ಊರು ಸುತ್ತಿ ಬರೆದದ್ದನ್ನು ಅವರಿಂದಲೇ ಅಚ್ಚು ಹಾಕಿಸಿ, ದೂರದ ಶಾಲೆಗಳಿಗೆ ಕಳಿಸುತ್ತಿದ್ದ. ಅಷ್ಟು ದೂರ ಹೋಗುವುದೂ ಬೇಡ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಕರಾವಳಿಯಲ್ಲಿ ಹೈಸ್ಕೂಲುಗಳನ್ನು ತೆರೆದ ದಿನಕರ ದೇಸಾಯಿಯವರೇ ‘ಜನಸೇವಕ’ ವಾರಪತ್ರಿಕೆಯನ್ನೂ ನಡೆಸಿದರು. ಶಾಲೆ, ಪತ್ರಿಕೆ ಎರಡೂ ಅವರಿಗೆ ಒಂದೇ ಕೆಲಸವಾಗಿತ್ತು ಎಂದು ನನ್ನ ಎಣಿಕೆ. ಅದರಲ್ಲಿ ನಾವು ಉಳಿಸಿಕೊಂಡದ್ದು ಕಟ್ಟಡಗಳನ್ನು ಮಾತ್ರ.

ಬರೆಯಲು ಏನಿದೆ ಎನ್ನುವವರು ಕಿಟಕಿ ತೆರೆದು ನೋಡಲಿ. ಅಘನಾಶಿನಿಯ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆದ ಅಜ್ಜಿಯನ್ನು ಕುಮಟಾದ ಮಗು ಮಾತಾಡಿಸಿದರೆ ವಿಜ್ಞಾನ, ಸಮಾಜ, ಕನ್ನಡ ಮೂರೂ ಪಾಠ ಆದವು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಕಡಲಾಮೆ ಮೊಟ್ಟೆಯಿಡುತ್ತದೆ, ಅಲ್ಲೇ ಬಂದರು ಯೋಜನೆಯ ವಿರುದ್ಧ ಮೀನುಗಾರರ ಹೋರಾಟವೂ ಇದೆ. ಇಂಥದ್ದನ್ನು ಬರೆಯಿಸಲು ಮೇಷ್ಟ್ರಿಗೆ ಧೈರ್ಯ ಬೇಕು; ಎರಡೂ ಕಡೆಯವರನ್ನು ಕೇಳಿ ಬರೆ ಎಂದು ಹೇಳಬೇಕು. ತಪ್ಪು ಬರೆದರೆ ಮರುದಿನ ಮೀನುಪೇಟೆಯಲ್ಲೇ ಯಾರಾದರೂ ತಡೆದು ಕೇಳುತ್ತಾರೆ. ಕೆಂಪು ಶಾಯಿಗೆ ಹೆದರದ ಮಗುವೂ ಅದಕ್ಕೆ ಹೆದರಿ ಎರಡು ಸಲ ವಿಚಾರಿಸುತ್ತದೆ.

ಎಚ್ಚರಿಕೆಯೂ ಬೇಕು. ಮಕ್ಕಳ ಫೋಟೊ, ಪೂರ್ತಿ ಹೆಸರು ಹಾಕಬಾರದು, ಪಾಸ್‌ವರ್ಡ್ ಶಿಕ್ಷಕರಲ್ಲಿರಬೇಕು. 18 ತುಂಬದವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಕಾಯ್ದೆಯೂ ಹೇಳುತ್ತದೆ. ಪ್ರತಿ ಮಗುವಿಗೂ ಮೊಬೈಲ್ ಬೇಕಿಲ್ಲ. ನೋಟ್‌ಬುಕ್‌ನಲ್ಲಿ ಬರೆದದ್ದನ್ನು ಶಾಲೆಯ ಒಂದು ಕಂಪ್ಯೂಟರಿನಲ್ಲಿ ಸರದಿಯಂತೆ ಟೈಪಿಸಿದರಾಯಿತು.

ಪರೀಕ್ಷೆಗೆ ಇದರಿಂದೇನು ಲಾಭ ಎಂದು ಪಾಲಕರು ಕೇಳೇ ಕೇಳುತ್ತಾರೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನ ಇದೆಯಲ್ಲ, ಇಲ್ಲದ ಊರಿನ ಇಲ್ಲದ ರಸ್ತೆ ರಿಪೇರಿ ಮಾಡಿಸಿ ಎಂದು ಬರೆಯುವುದು. ಅದೇ ಪತ್ರವನ್ನು ಶಾಲೆಯೆದುರಿನ ಹೆದ್ದಾರಿಯ ಬಗ್ಗೆ, ನಿಜವಾದ ಅಧಿಕಾರಿಗೆ ಬರೆದು ಬ್ಲಾಗ್‌ಗೂ ಏರಿಸಲಿ. ಅಂಕ ಅಷ್ಟೇ ಬಂದೀತು. ಉತ್ತರ ಬರುತ್ತದೋ ಇಲ್ಲವೋ ಎಂದು ಮಕ್ಕಳೇ ದಿನವೂ ನೋಡುತ್ತಿರುತ್ತಾರೆ.